ಹೆದರಿದ ಬೀದಿನಾಯಿ ಮನೆಗೆ ಬಂದಾಗ

ಏಟು ತಿಂದು, ಗಾಡಿಗೆ ಸಿಕ್ಕಿ ಬದುಕಿ ಬಂದ ನಾಯಿಗೆ ಮೊದಲು ಬೇಕಾಗಿರುವುದು ಮುದ್ದಲ್ಲ, ಒಂದು ಮೂಲೆ. ಮಂಚದ ಕೆಳಗೆ ಹಳೇ ಚಾದರ ಹಾಸಿ, ಪಕ್ಕದಲ್ಲಿ ನೀರಿಟ್ಟು ಸುಮ್ನೆ ಬಿಟ್ಟುಬಿಡಿ. ಅಲ್ಲಿಂದ ಎಳೆದು ತೆಗೆಯಬೇಡಿ. ನೆಂಟರು ನೋಡೋಕೆ ಬರುವುದೂ ಸದ್ಯಕ್ಕೆ ಬೇಡ.

ದಿನಾ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ವಾಕಿಂಗ್. ಮುಂದೇನಾಗುತ್ತೆ ಅಂತ ಗೊತ್ತಿದ್ದರೆ ಭಯ ಕಮ್ಮಿಯಾಗುತ್ತೆ.

ಹತ್ತಿರ ಹೋಗುವಾಗ ಎದುರಿಗೆ ನುಗ್ಗದೆ, ಓರೆಯಾಗಿ ನೆಲದ ಮೇಲೆ ಕೂತು, ಕಣ್ಣಲ್ಲಿ ಕಣ್ಣಿಡದೆ, ಬೇಯಿಸಿದ ಕೋಳಿ ಚೂರನ್ನು ಸ್ವಲ್ಪ ದೂರಕ್ಕೆ ಹಾಕಿ. ತಲೆ ಮೇಲೆ ಕೈ ಚಾಚಿದರೆ ಹೊಡೆಯೋಕೆ ಬಂದ ಹಾಗೆ ಕಾಣುತ್ತೆ. ಅದೇ ಬಂದು ಮೂಸಿದ ಮೇಲೆ ಎದೆಯ ಹತ್ತಿರ ಮೆಲ್ಲಗೆ ಸವರಿ, ಕೈ ತೆಗೆದು ನೋಡಿ. ಮತ್ತೆ ಒರಗಿದರೆ ಇನ್ನೂ ಬೇಕು ಅಂತ. ಸುಮ್ಮಸುಮ್ಮನೆ ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಗುರ್ ಅಂದರೆ ಗದರಬೇಡಿ, ಹೊಡೆಯಲಂತೂ ಬೇಡಿ. ಗುರ್ ಅನ್ನುವುದನ್ನು ಬಿಡಿಸಿದರೆ ನಾಳೆ ಎಚ್ಚರಿಕೆ ಕೊಡದೆ ಕಚ್ಚಬಹುದು, ಅಲ್ವಾ?

ಪೊರಕೆ ಕಂಡರೆ ನಡುಗುತ್ತಾ? ಅದನ್ನು ದೂರದ ಗೋಡೆಗೆ ಒರಗಿಸಿ. ನಾಯಿ ಅದನ್ನು ನೋಡಿದಾಗಲೆಲ್ಲ ಒಂದು ಚೂರು ತಿಂಡಿ ಕೊಡಿ. ವಾರವೋ ತಿಂಗಳೋ ಆಗಲಿ, ಅದು ಆರಾಮಾಗಿದ್ದರೆ ಮಾತ್ರ ಒಂದು ಹೆಜ್ಜೆ ಹತ್ತಿರ ತನ್ನಿ.

ಹೊರಗೆ ಹೋಗುವಾಗ ಕತ್ತಿನ ಬೆಲ್ಟ್ ಸಾಲದು, ಎದೆ, ಬೆನ್ನು ಸುತ್ತಿ ಕಟ್ಟುವ, ಮೈಗೆ ಸರಿಯಾಗಿ ಕೂರುವ ಹಾರ್ನೆಸ್ಸೂ ಹಾಕಿ. ಬೆದರಿದ ನಾಯಿ ಬೆಲ್ಟಿನಿಂದ ತಲೆ ಜಾರಿಸಿಕೊಂಡು ಓಡುತ್ತೆ.

ರೇಬಿಸ್ ಲಸಿಕೆ ಹಾಕಿಸಲು ಹೋದಾಗ ಮೈಕೈ ನೋವನ್ನೂ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಸಿಟ್ಟಿನ ಹಿಂದೆ ಹಳೇ ಗಾಯ ಇರುತ್ತೆ. ದೀಪಾವಳಿಗೆ ಕೆಲವು ವಾರ ಮೊದಲೇ ಪಟಾಕಿ ಭಯದ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ಮನುಷ್ಯರ ಮಾತ್ರೆ ಕೊಡಲೇಬೇಡಿ.