ಈಜುಕೊಳಕ್ಕೆ ಎಲ್‌ಇಡಿ: ದೀಪ ಕೊಳ್ಳುವ ಮೊದಲು ಟ್ರಾನ್ಸ್‌ಫಾರ್ಮರ್ ನೋಡಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆ, ಹೋಮ್‌ಸ್ಟೇಗಳಲ್ಲಿ ಸ್ವಿಮ್ಮಿಂಗ್ ಪೂಲ್ ಈಗ ಅಪರೂಪವೇನಲ್ಲ. ಪೂಲ್ ಹಳೆಯದಾದರೆ ನೀರೊಳಗೆ ಹ್ಯಾಲೊಜೆನ್ ದೀಪ ಇರಬಹುದು. ಸಾಮಾನ್ಯವಾಗಿ 12 ವೋಲ್ಟ್, 300 ವಾಟ್‌ನದು. ಆ ಜಾಗಕ್ಕೆ 30 ವಾಟ್ ಆಸುಪಾಸಿನ ಎಲ್‌ಇಡಿ ಸಾಕು.

ಎರಡು ಹ್ಯಾಲೊಜೆನ್ ದೀಪ ದಿನಾ 5 ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90. ಎಲ್‌ಇಡಿಗೆ 9. ಉಳಿಯುವ 81 ಯೂನಿಟ್‌ಗೆ ನಿಮ್ಮ ಮೆಸ್ಕಾಂ ಇಲ್ಲವೇ ಸೆಸ್ಕ್ ಬಿಲ್‌ನ ದರ ಹಾಕಿ ನೋಡಿ. ಹಾಗಂತ ಬಿಲ್ ಅರ್ಧಕ್ಕೆ ಇಳಿಯುತ್ತದೆ ಅಂದುಕೊಳ್ಳಬೇಡಿ. 1 ಎಚ್‌ಪಿ ಫಿಲ್ಟರ್ ಪಂಪ್ 8 ಗಂಟೆ ಓಡಿದರೆ ದಿನಕ್ಕೆ 6 ಯೂನಿಟ್‌ಗೂ ಜಾಸ್ತಿ ಎಳೆಯುತ್ತದೆ. ನನ್ನ ಕೇಳಿದರೆ ಎಲ್‌ಇಡಿಯ ದೊಡ್ಡ ಲಾಭ ಬಾಳಿಕೆ. ಹ್ಯಾಲೊಜೆನ್ ಸಾವಿರ, ಎರಡು ಸಾವಿರ ಗಂಟೆಗೆ ಮುಗಿಯುತ್ತದೆ. ಒಳ್ಳೆಯ ಎಲ್‌ಇಡಿ ಅದರ ಹತ್ತು ಪಟ್ಟಾದರೂ ಬರುತ್ತದೆ. ತೋಟದ ಮನೆಗೆ ಎಲೆಕ್ಟ್ರಿಷಿಯನ್‌ನ ಕರೆಸುವ ಪಾಡು ಗೊತ್ತಲ್ವಾ?

ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಮೊದಲು ಸ್ವಿಚ್ ಮಾತ್ರವಲ್ಲ, ಎಂಸಿಬಿಯನ್ನೂ ಇಳಿಸಿ. ಪೂಲ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೇ ನೋಡಿ. ಇಲ್ಲದಿದ್ದರೆ ದೀಪ ಆಮೇಲೆ, ಅದು ಮೊದಲು.

ಈಗ ಟ್ರಾನ್ಸ್‌ಫಾರ್ಮರ್, ಅಂದರೆ ಮನೆಯ 230 ವೋಲ್ಟನ್ನು ದೀಪಕ್ಕೆ ಬೇಕಾದ 12ಕ್ಕೆ ಇಳಿಸುವ ಪೆಟ್ಟಿಗೆ. ಜನ ಎಡವುವುದು ಇಲ್ಲೇ. ಕೆಲವು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್‌ಗಳಿಗೆ ಇಷ್ಟಾದರೂ ಲೋಡ್ ಬೇಕು ಅಂತಿರುತ್ತದೆ. 300 ವಾಟ್ ಜಾಗದಲ್ಲಿ 30 ಬಂದರೆ ದೀಪ ಮಿಟುಕುತ್ತದೆ, ಇಲ್ಲವೇ ಹತ್ತುವುದೇ ಇಲ್ಲ. ಬೈಗುಳ ಮಾತ್ರ ಹೊಸ ದೀಪಕ್ಕೆ. ತಂತಿ ಸುತ್ತಿದ ಹಳೇ ಮಾದರಿಯದಕ್ಕೆ ಈ ತಕರಾರು ಇರುವುದಿಲ್ಲ. ದೀಪ 12 ವೋಲ್ಟ್ ಎಸಿಯದೋ ಡಿಸಿಯದೋ ಎಂದೂ ಓದಿ, ಟ್ರಾನ್ಸ್‌ಫಾರ್ಮರ್ ಕೊಡುವುದಕ್ಕೆ ಅದು ಹೊಂದಬೇಕು. 230 ವೋಲ್ಟ್‌ನದನ್ನು ನೀರಿಗೆ ಇಳಿಸುವ ಮಾತೇ ಬೇಡ. ಬಣ್ಣ ಬದಲಿಸುವ ದೀಪ ಬೇಕೆಂದರೆ ಹಳೇ ಎರಡೆಳೆ ವೈರ್ ಸಾಕಾಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ.

ದೀಪ ತೆಗೆಯಲು ಸುಮ್ನೆ ಪೂಲ್ ಖಾಲಿ ಮಾಡಬೇಕಿಲ್ಲ. ಬಹುತೇಕ ದೀಪಗಳ ರಿಂಗ್‌ನ ಮೇಲ್ತುದಿಯಲ್ಲಿ ಸ್ಕ್ರೂ ಇರುತ್ತದೆ. ಬಿಚ್ಚಿದರೆ ದೀಪ ಗೂಡಿನಿಂದ ಹೊರಬರುತ್ತದೆ. ಹಿಂದೆ ಸುತ್ತಿಟ್ಟ ಹೆಚ್ಚುವರಿ ಕೇಬಲ್ ಇದ್ದರೆ ದಡದವರೆಗೂ ಎಳೆಯಬಹುದು. ದೀಪದ ಗಾಜಿನ ಅಂಚಲ್ಲಿ ನೀರು ತಡೆಯುವ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್, ಹೊಸದೇ ಹಾಕಿ. ಹಳೆಯದು ಕಣ್ಣಿಗೆ ಚೆನ್ನಾಗಿ ಕಂಡರೂ ಕ್ಲೋರಿನ್‌ಗೆ ಗಡುಸಾಗಿರುತ್ತದೆ. ಗಾಜಿನ ಸುತ್ತಲಿನ ಎದುರುಬದುರು ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪ ಬಿಗಿಯಿರಿ. ಗೂಡಿಗೆ ಕೂರಿಸುವ ಮೊದಲು ನೀರೊಳಗೆ ಕೆಲ ನಿಮಿಷ ಮುಳುಗಿಸಿ ಹಿಡಿಯಿರಿ. ಅಂಚಿನಿಂದ ಗುಳ್ಳೆ ಸಾಲಾಗಿ ಏಳುತ್ತಲೇ ಇದ್ದರೆ ಮತ್ತೆ ಬಿಚ್ಚಿ ಕೂರಿಸಿ. ದೀಪದ ಮೇಲೆ ಐಪಿ68 ಎಂದಿರಲಿ, ನೀರಲ್ಲಿ ಮುಳುಗಿಯೇ ಇದ್ದರೂ ತಡೆಯುತ್ತದೆ ಎಂಬ ಗುರುತು ಅದು.

ಬಣ್ಣದ ವಿಷಯದಲ್ಲಿ ಮಲೆನಾಡಿಗೆ ನನ್ನ ಓಟು 3000 ಕೆಲ್ವಿನ್ ಆಸುಪಾಸಿನ ಹಳದಿ ಬೆಳಕಿಗೆ. ಮೊದಲ ಮಳೆಗೆ ಏಳುವ ಮಳೆಹುಳುಗಳಿಗೆ ನೀಲಿ ಬೆರೆತ ಬಿಳಿ ಬೆಳಕೆಂದರೆ ಪ್ರಾಣ. ಬೆಳಿಗ್ಗೆ ಜಾಲರಿ ಹಿಡಿದು ರೆಕ್ಕೆ ಬಾಚುವವರಿಗೆ ಇದರ ಬೆಲೆ ಗೊತ್ತು. ಟೈಮರ್ ಹಾಕಿ, ರಾತ್ರಿ ಹತ್ತಕ್ಕೆ ಆರಲಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ವೋಲ್ಟೇಜ್ ಏರಿದರೆ ಹ್ಯಾಲೊಜೆನ್‌ಗಿಂತ ಬೇಗ ಪೆಟ್ಟು ತಿನ್ನುವುದು ಎಲ್‌ಇಡಿಯೇ. ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಬಿಚ್ಚಿದ ಹ್ಯಾಲೊಜೆನ್ ಚೆನ್ನಾಗಿದೆಯೇ ಎಂದು ದಡದ ಮೇಲೆ ಉರಿಸಿ ನೋಡಬೇಡಿ. ಅದನ್ನು ತಂಪಾಗಿಡುವುದೇ ಪೂಲ್‌ನ ನೀರು, ಹೊರಗೆ ಕಾದರೆ ಗಾಜು ಒಡೆಯಬಹುದು.