ಗದ್ದೆ ಏಡಿ ಬಲಿಯುವುದನ್ನು ನಾನು ನೋಡಿದ್ದು ಹೀಗೆ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಗದ್ದೆ ಏಡಿಯನ್ನೇ ಆರಿಸಿಕೊಂಡೆ. ತೀರ್ಥಹಳ್ಳಿ ಕಡೆ ನಮ್ಮ ಗದ್ದೆಯ ಅಂಚಿನಲ್ಲಿ ಬೇಕಾದಷ್ಟು ಬಿಲಗಳಿದ್ದವು. ಅಪ್ಪಯ್ಯನಿಗೆ ಏಡಿ ಕಂಡರೆ ಸಿಟ್ಟು. ಅಂಚಿಗೆ ತೂತು ಬಿದ್ದರೆ ನೀರೆಲ್ಲ ಸೋರಿಹೋಗುತ್ತದೆ, ಅಲ್ವಾ? ಹಿಡಿದುಕೊಂಡು ಹೋಗುತ್ತೇನೆ ಎಂದಾಗ ಅವರೇ ಬ್ಯಾಟರಿ ಹಿಡಿದು ರಾತ್ರಿ ಜೊತೆಗೆ ಬಂದರು.

ಹೆಣ್ಣೇಡಿ ಮೊಟ್ಟೆ ಇಡುವಷ್ಟು ಬಲಿತಿದೆ ಅಂತ ನೋಡಿ ಗೊತ್ತುಮಾಡುವುದು ಹೇಗೆ? ನನಗೆ ಬೇಕಿದ್ದದ್ದು ಇಷ್ಟೇ. ಚಿಪ್ಪು ದೊಡ್ಡದಿದ್ದರೆ ಬಲಿತದ್ದು ಅಂದುಕೊಂಡಿದ್ದೆ.

ಶುರುವಿನಲ್ಲೇ ಎರಡು ತಪ್ಪಾಯಿತು. ಗುರುತಿಗೆ ಅಂತ ಚಿಪ್ಪಿನ ಮೇಲೆ ನೇಲ್ ಪಾಲಿಷ್ ಹಚ್ಚಿದ್ದೆ. ಆದರೆ ಏಡಿಯ ಚಿಪ್ಪು ಹಿಗ್ಗುವುದಿಲ್ಲ. ಹಳೆಯದನ್ನು ಕಳಚಿಯೇ ಅದು ಬೆಳೆಯಬೇಕು. ಚಿಪ್ಪಿನ ಜೊತೆ ಗುರುತೂ ಹೋಯಿತು. ಇನ್ನೊಂದು ತಪ್ಪು ನೆನೆದರೆ ಈಗಲೂ ಬೇಜಾರಾಗುತ್ತದೆ. ಎಲ್ಲವನ್ನೂ ಒಂದೇ ಟಬ್ಬಿನಲ್ಲಿ ಬಿಟ್ಟಿದ್ದೆ. ಪೊರೆ ಬಿಟ್ಟು ಮೆತ್ತಗಿದ್ದ ಒಂದನ್ನು ಉಳಿದವು ರಾತ್ರೋರಾತ್ರಿ ತಿಂದುಹಾಕಿದವು.

ಆಮೇಲೆ ಒಂದೊಂದಕ್ಕೂ ಬೇರೆ ಬೇಸಿನ್ ಇಟ್ಟು, ಅದರ ಮೇಲೇ ನಂಬರ್ ಬರೆದೆ. ಬಾವಿ ನೀರು ಸ್ವಲ್ಪವೇ, ಹತ್ತಿ ಕೂರಲು ಒಂದು ಕಲ್ಲು, ಮೇಲೆ ಭಾರ ಇಟ್ಟ ಜಾಲರಿ. ಜಾಲರಿ ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಬೇಸಿನ್ ಖಾಲಿ. ಊಟಕ್ಕೆ ಎರೆಹುಳು, ಅನ್ನದ ಅಗುಳು. ಉಳಿದ ಚೂರನ್ನು ದಿನಾ ತೆಗೆಯಬೇಕು, ಇಲ್ಲವಾದರೆ ನೀರು ನಾರುತ್ತದೆ.

ಅಳತೆಗೆ ವರ್ನಿಯರ್ ಕ್ಯಾಲಿಪರ್. ಚಿಪ್ಪಿನ ಅಗಲದ ಜೊತೆ ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ ಮುಚ್ಚಳದ ಅಗಲವನ್ನೂ ಬರೆದುಕೊಳ್ಳುತ್ತಿದ್ದೆ. ಗಂಡಿನಲ್ಲಿ ಈ ಮುಚ್ಚಳ ಸಣ್ಣಗೆ, ಕೊನೆಯವರೆಗೂ ಹಾಗೇ ಇರುತ್ತದೆ. ಹೆಣ್ಣಿನಲ್ಲೂ ಚಿಕ್ಕಂದಿನಲ್ಲಿ ಸಣ್ಣದೇ, ಹಾಗಾಗಿ ಗೊಂದಲವಾಗುತ್ತದೆ. ಆಗ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಬೇಕು. ಗಂಡಿಗೆ ಒಳಗೆ ಗಟ್ಟಿ ಕಡ್ಡಿಯಂಥವು ಎರಡು ಜೊತೆ, ಹೆಣ್ಣಿಗೆ ಪುಟ್ಟ ಕಾಲಿನಂಥವು ನಾಲ್ಕು ಜೊತೆ.

ಏಳನೇ ಬೇಸಿನ್ನಿನ ಹೆಣ್ಣು ನಾಲ್ಕು ದಿನ ಏನೂ ತಿನ್ನಲಿಲ್ಲ. ಬಣ್ಣವೂ ಮಂಕಾಯಿತು. ಒಂದು ರಾತ್ರಿ ಚಿಪ್ಪಿನ ಹಿಂಭಾಗ ಬಿರುಕು ಬಿಟ್ಟಿತು. ಆ ಸಂದಿಯಿಂದ ಅದು ಹಿಂದಕ್ಕೆ ಹಿಂದಕ್ಕೆ ಜರುಗುತ್ತಾ ಹೊರಬಂತು. ಕಾಲು, ಕಣ್ಣಿನ ಕಡ್ಡಿ, ಎಲ್ಲದರ ಹಳೆಯ ತೊಗಲೂ ಹಾಗೇ ಉಳಿದು, ಪಕ್ಕದಲ್ಲಿ ಇನ್ನೊಂದು ಏಡಿ ಕೂತಂತೆ ಕಾಣುತ್ತಿತ್ತು. ಹಿಂದೆ ಮುರಿದಿದ್ದ ಒಂದು ಕಾಲಿನ ಜಾಗದಲ್ಲಿ ಬರೀ ಮೊಗ್ಗಿತ್ತು. ಈಗ ಅಲ್ಲಿ ಪೂರ್ತಿ ಕಾಲು ಬಿಚ್ಚಿಕೊಂಡಿತ್ತು, ಸೈಜು ಮಾತ್ರ ಚಿಕ್ಕದು. ಮೈ ನೀರು ಕುಡಿದು ಉಬ್ಬಿತು. ಮುಟ್ಟಲು ಹೋಗಲಿಲ್ಲ. ಆಮೇಲೆ ಅದು ಹಳೆಯ ಚಿಪ್ಪನ್ನೇ ಸ್ವಲ್ಪ ಸ್ವಲ್ಪ ತಿಂದಿತು, ಸುಣ್ಣ ಅದರಲ್ಲೇ ಇದೆಯಲ್ಲ.

ಮೈ ಗಟ್ಟಿಯಾದ ಮೇಲೆ ಅಳೆದೆ. ಚಿಪ್ಪು ಬೆಳೆದದ್ದು ಬರೀ 3 ಮಿಲಿಮೀಟರ್. ಮಗುಚಿ ನೋಡಿದರೆ ಮುಚ್ಚಳವೇ ಬೇರೆ! ಮೊದಲು ಎರಡೂ ಬದಿಯಲ್ಲಿ ಖಾಲಿ ಜಾಗ ಇತ್ತು. ಈಗ ಅದು ಕಾಲಿನ ಬುಡದವರೆಗೂ ಹರಡಿ, ಅಂಚಿಗೆ ದಟ್ಟ ಕೂದಲು ಬಂದಿತ್ತು. ಒಂದೇ ಪೊರೆಯಲ್ಲಿ ಹುಡುಗಿ ಹೆಂಗಸಾಗಿದ್ದಳು. ಅವತ್ತಿನಿಂದ ಚಿಪ್ಪಿನ ಸೈಜು ನೋಡಿ ಬಲಿತದ್ದು ಅನ್ನುವುದನ್ನು ಬಿಟ್ಟೆ.

ಮುಚ್ಚಳ ಯಾಕೆ ಅಷ್ಟು ಅಗಲ ಬೇಕು ಅಂತ ಮುಂಗಾರು ಶುರುವಾದಾಗ ಕಣ್ಣಾರೆ ಕಂಡೆ. ಹಳ್ಳದ ಕಲ್ಲಿನಡಿ ಸಿಕ್ಕ ಒಂದು ಹೆಣ್ಣಿನ ಮುಚ್ಚಳದೊಳಗೆ ಮರಿಗಳು ಕಿಕ್ಕಿರಿದಿದ್ದವು. ಸಮುದ್ರದ ಏಡಿಯ ಹಾಗೆ ಇದಕ್ಕೆ ನೀರಲ್ಲಿ ತೇಲುವ ಲಾರ್ವಾ ಹಂತ ಇಲ್ಲ. ಮೊಟ್ಟೆಯಿಂದ ನೇರ ಪುಟ್ಟ ಏಡಿಯೇ ಬರುತ್ತದೆ, ಕೆಲವು ದಿನ ತಾಯಿಯ ಮಡಿಲಲ್ಲೇ ಇರುತ್ತದೆ. ಆ ತಾಯಿ ಏಡಿಯನ್ನು ಅಳೆಯಲಿಲ್ಲ. ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ ಇಟ್ಟು ಬಂದೆ.

ಮಳೆಗಾಲದಲ್ಲಿ ಸಾರಿಗೆ ಅಂತ ಏಡಿ ಹಿಡಿಯುವವರಿಗೆ ನನ್ನದೊಂದು ಬೇಡಿಕೆ. ಬುಟ್ಟಿಗೆ ಹಾಕುವ ಮುಂಚೆ ಒಮ್ಮೆ ಮಗುಚಿ ನೋಡಿ. ಮೊಟ್ಟೆಯೋ ಮರಿಯೋ ಇದ್ದರೆ ಅಲ್ಲೇ ಬಿಟ್ಟುಬಿಡಿ.