ಹಿಂಬಾಗಿಲಿಗೊಂದು ಮಡಚುವ ಮೇಜು

ನಾನು ದನದ ಡಾಕ್ಟರು. ಪಾಂಡವಪುರ, ಮೇಲುಕೋಟೆ ಕಡೆಯ ಹಳ್ಳಿಗಳಲ್ಲಿ ನನ್ನ ತಿರುಗಾಟ. ಗಾಡಿ ಹಳೆಯ ಫೋರ್ ವೀಲ್ ಡ್ರೈವ್ ಬೊಲೆರೊ. ವಿಶ್ವೇಶ್ವರಯ್ಯ ನಾಲೆಯ ಏರಿ, ಕಬ್ಬಿನ ಗದ್ದೆಗಳ ನಡುವಿನ ಕೊರಕಲು, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹೋದಮೇಲೆ ಸಿರಿಂಜು, ಸೀಸೆ, ಲೆಕ್ಕದ ಪುಸ್ತಕ ಇಡುವುದೆಲ್ಲಿ ಎಂಬುದೇ ಪ್ರಶ್ನೆ. ಬಹಳ ವರ್ಷ ಬಾನೆಟ್ಟನ್ನೇ ಮೇಜು ಮಾಡಿಕೊಂಡಿದ್ದೆ. ಒಂದು ಸಂಜೆ, ಕರು ಹಾಕಿದ ಮರುದಿನವೇ ಹಾಲುಜ್ವರದಿಂದ ನೆಲ ಹಿಡಿದಿದ್ದ ಹಸುವಿಗೆ ಕೊಡಬೇಕಿದ್ದ ಕ್ಯಾಲ್ಸಿಯಂ ಸೀಸೆ ಬಾನೆಟ್ಟಿನಿಂದ ಉರುಳಿ ಕಲ್ಲಿಗೆ ಬಡಿದು ಒಡೆಯಿತು. ಇನ್ನೊಂದು ಸೀಸೆ ಇತ್ತು, ಹಸು ಎದ್ದಿತು. ಆದರೆ ಮರುವಾರವೇ ನಾನು ಹಿಂಬಾಗಿಲ ಒಳಮೈಗೆ ಮಡಚುವ ಮೇಜೊಂದನ್ನು ಕೂರಿಸಲು ಕೈಹಾಕಿದೆ.

ಬಾಗಿಲು ಪಕ್ಕಕ್ಕೆ ತೆರೆದುಕೊಳ್ಳುವ ಗಾಡಿಗಳಿಗೆ ಮಾತ್ರ ಈ ಕೆಲಸ ಹೊಂದುತ್ತದೆ: ಬೊಲೆರೊ, ಜಿಮ್ನಿ, ಗೂರ್ಖಾ. ಥಾರ್‌ನಲ್ಲಿ ಗಾಜು ಬೇರೆಯಾಗಿ ಮೇಲೇಳುತ್ತದೆ, ಕೆಳಗಿನ ಬಾಗಿಲು ಮೋಟು. ಅಲ್ಲಿ ಮೇಜೂ ಕಿರಿದಾಗುತ್ತದೆ. ಬಾಗಿಲನ್ನೇ ಮೇಲಕ್ಕೆ ಎತ್ತುವ ಗಾಡಿಯವರು ಬೇರೆ ದಾರಿ ನೋಡಿಕೊಳ್ಳಬೇಕು.

ಮೊದಲ ಸಲ ನಾನು ಮಾಡಿದ್ದು ದಡ್ಡತನ. ಒಂದು ಹಲಗೆ, ಎರಡು ಕೀಲು, ಬಾಗಿಲ ಒಳತಗಡಿಗೆ ನೇರವಾಗಿ ಎಂಟು ಸ್ಕ್ರೂ. ಹನ್ನೊಂದನೆಯ ದಿನ ನಾಲ್ಕು ಸ್ಕ್ರೂ ತೂತು ಸಮೇತ ಸಡಿಲವಾಗಿದ್ದವು. ಮಂಡ್ಯದ ಗುತ್ತಲು ರಸ್ತೆಯಲ್ಲಿ ನನಗೆ ಪರಿಚಯದ ಒಬ್ಬ ಲೇತ್ ಕೆಲಸಗಾರನಿದ್ದಾನೆ. ಅವನು ತೂತಿಗೆ ಕಿರುಬೆರಳು ತೂರಿಸಿ ನೋಡಿ, "ಸಾರ್, ಬಾಗಿಲ ತಗಡಿಗೆ ಸ್ಕ್ರೂ ಹಾಕುವುದು ಕೆಸರಿಗೆ ಗೂಟ ಹೊಡೆದ ಹಾಗೆ" ಎಂದ. ಬಾಗಿಲಿನ ಒಳಪದರ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಸ್ಕ್ರೂವಿನ ಒಂದೆರಡು ಸುತ್ತಿಗೆ ಮಾತ್ರ ಹಿಡಿತ ಸಿಗುತ್ತದೆ. ಗಾಡಿ ಕುಲುಕಿದಷ್ಟೂ ಆ ಹಿಡಿತ ಸವೆಯುತ್ತದೆ.

ಈಗ ಸರಿಯಾದ ಕ್ರಮ. ಮೊದಲು ಅಳತೆ, ಅದೂ ರಟ್ಟಿನಲ್ಲಿ. ಮೇಜು ಕೆಳಅಂಚಿನಲ್ಲಿ ಕೀಲುಗೊಂಡು, ಮಡಚಿದಾಗ ಬಾಗಿಲಿಗೆ ಒರಗಿ ನೆಟ್ಟಗೆ ನಿಲ್ಲಬೇಕು. ಆದ್ದರಿಂದ ಮೇಜಿನ ಎತ್ತರವೂ ಅಗಲವೂ ಒಂದಕ್ಕೊಂದು ಅಂಟಿಕೊಂಡಿವೆ: ಕೀಲನ್ನು ಎತ್ತರದಲ್ಲಿ ಹಾಕಿದರೆ ಮಡಚಿದ ಹಲಗೆ ಗಾಜನ್ನು ಮುಚ್ಚಿ ಹಿಂದಿನ ನೋಟ ಹೋಗುತ್ತದೆ, ತಗ್ಗಿನಲ್ಲಿ ಹಾಕಿದರೆ ನಿಮ್ಮ ಬೆನ್ನು ಹೋಗುತ್ತದೆ. ನಾನು ನಮ್ಮ ಅಡುಗೆಮನೆ ಕಟ್ಟೆಯ ಎತ್ತರವನ್ನೇ ಹಿಡಿದೆ, ನೆಲದಿಂದ 86 ಸೆಂ.ಮೀ. ಅಲ್ಲಿಂದ ಗಾಜಿನ ಅಂಚಿನವರೆಗೆ ಸಿಕ್ಕಿದ್ದು 35 ಸೆಂ.ಮೀ., ಮೇಜಿನ ಅಗಲ 34, ಉದ್ದ 60. ಆ ಅಳತೆಯ ರಟ್ಟನ್ನು ಟೇಪಿನಿಂದ ಅಂಟಿಸಿ ಬಾಗಿಲನ್ನು ಹತ್ತು ಸಲ ಮುಚ್ಚಿ ತೆಗೆಯಿರಿ. ನನ್ನ ರಟ್ಟಿನ ಒಂದು ಮೂಲೆ ಹಿಂದಿನ ಅಡ್ಡ ಸೀಟಿಗೆ ತಗುಲಿ ಮಡಚಿಕೊಂಡಿತು. ಆ ಮೂಲೆಯನ್ನು ದುಂಡಗೆ ಕತ್ತರಿಸಿದೆ. ಹಲಗೆ ಕೊಯ್ದ ಮೇಲೆ ಇದು ತಿಳಿದಿದ್ದರೆ ಬೈದುಕೊಳ್ಳುತ್ತಿದ್ದೆ.

ಹಲಗೆಗೆ 12 ಮಿ.ಮೀ. ಮೆರೈನ್ ಪ್ಲೈವುಡ್ ಸಾಕು. ಈ ಅಳತೆಗೆ ಎರಡು ಕಿಲೋ ಒಳಗೇ ಬರುತ್ತದೆ. ಸಾಮಾನ್ಯ ಪ್ಲೈವುಡ್ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಮೇಲೆ ಬಿಳಿ ಸನ್‌ಮೈಕಾ ಅಂಟಿಸಿ, ಅಂಚುಗಳಿಗೆ ಉಪ್ಪುಕಾಗದ ಉಜ್ಜಿ ಎರಡು ಕೈ ವಾರ್ನಿಷ್ ಹೊಡೆಯಿರಿ. ನೀರು ಹೊಗುವುದು ಅಂಚಿನಿಂದಲೇ. ಸುತ್ತ ಒಂದು ಸೆಂಟಿಮೀಟರ್ ಎತ್ತರದ ಪಟ್ಟಿ ಕೊಟ್ಟರೆ ಸೀಸೆ ಉರುಳುವುದಿಲ್ಲ, ಆದರೆ ಒಂದು ಮೂಲೆಯಲ್ಲಿ ಪಟ್ಟಿ ಬಿಡಿ, ತೊಳೆದ ನೀರು ಇಳಿಯಬೇಕಲ್ಲ.

ಇನ್ನು ಬಾಗಿಲು. ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಕಳಚಿ. ಕ್ಲಿಪ್ಪುಗಳು ಹಳೆಯವಾಗಿದ್ದರೆ ಎರಡು ಮೂರು ಮುರಿದೇ ಮುರಿಯುತ್ತವೆ, ಮೊದಲೇ ಒಂದು ಹಿಡಿ ತಂದಿಟ್ಟುಕೊಳ್ಳಿ. ಒಳಗೆ ಬೀಗದ ಸರಳು ಎಲ್ಲಿ ಓಡಾಡುತ್ತದೆ, ವೈಪರ್ ಇದ್ದರೆ ಅದರ ವೈರು ಎಲ್ಲಿದೆ ಎಂದು ಟಾರ್ಚ್ ಹಿಡಿದು ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಲೇತ್‌ನವನು ನನಗೆ 3 ಮಿ.ಮೀ. ದಪ್ಪದ ಎರಡು ಅಲ್ಯೂಮಿನಿಯಂ ಪಟ್ಟಿ ಕೊಯ್ದುಕೊಟ್ಟ. ಒಂದು ಕೀಲಿನ ಕೆಳಗೆ, ಇನ್ನೊಂದು ಮೇಲೆ, ಬಿಚ್ಚಿದ ಮೇಜನ್ನು ಹಿಡಿಯುವ ತಂತಿ ಕಟ್ಟುವ ಕಡೆ. ಪ್ರತಿ ಪಟ್ಟಿಯೂ ಬಾಗಿಲಿನ ಎರಡು ಗಟ್ಟಿ ಏಣುಗಳ ಮೇಲೆ ಹಾದುಹೋಗಬೇಕು; ಆಗ ಭಾರ ಒಂದು ತೂತಿನ ಮೇಲೆ ಬೀಳದೆ ಇಡೀ ಒಳಪದರಕ್ಕೆ ಹಂಚಿಹೋಗುತ್ತದೆ. ಪಟ್ಟಿಯನ್ನು ಹಿಡಿಯಲು ಸ್ಕ್ರೂ ಬೇಡ, ಎಂ-6 ರಿವೆಟ್ ನಟ್ (ತೂತಿನೊಳಗೆ ಕೂತು ತಗಡನ್ನು ಹಿಂದಿನಿಂದ ಕಚ್ಚಿಕೊಳ್ಳುವ, 6 ಮಿ.ಮೀ. ಬೋಲ್ಟಿನ ನಟ್ಟು) ಹಾಕಿ. ಅದಕ್ಕೆ 9 ಮಿ.ಮೀ. ತೂತು ಬೇಕು. ಡ್ರಿಲ್ ಬಿಟ್ಟಿನ ತುದಿಯಿಂದ ಒಂದು ಸೆಂಟಿಮೀಟರ್ ಬಿಟ್ಟು ಟೇಪು ಸುತ್ತಿ, ಟೇಪು ತಗಡಿಗೆ ತಾಗಿದೊಡನೆ ನಿಲ್ಲಿಸಿ. ಇಲ್ಲದಿದ್ದರೆ ಹೊರಮೈಯಲ್ಲೂ ಮೊಡವೆ ಏಳುತ್ತದೆ.

ಕೊರೆದ ಮೇಲೆ ಉದುರಿದ ಕಬ್ಬಿಣದ ಪುಡಿಯನ್ನು ಹಾಗೇ ಬಿಡಬೇಡಿ. ಒಂದು ರಾತ್ರಿಯ ಇಬ್ಬನಿ ಸಾಕು, ಬೆಳಿಗ್ಗೆ ಬಾಗಿಲ ತಳದಲ್ಲಿ ಕಾವಿ ಬಣ್ಣದ ಚುಕ್ಕೆಗಳು ಕಾಣುತ್ತವೆ. ನಾನು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಳದಲ್ಲೆಲ್ಲ ಆಡಿಸಿದೆ. ಚೀಲವನ್ನು ಒಳಮಗ್ಗುಲು ಮಾಡಿದರೆ ಪುಡಿಯೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ತೂತಿನ ಅಂಚಿಗೆ ರೆಡ್ ಆಕ್ಸೈಡ್ ಹಚ್ಚಿ. ಬಾಗಿಲ ತಳದಲ್ಲಿ ಮಳೆನೀರು ಇಳಿಯುವ ಸಣ್ಣ ಕಂಡಿಗಳಿರುತ್ತವೆ, ಅವನ್ನು ಕಡ್ಡಿಯಿಂದ ಬಿಡಿಸಿ. ನನ್ನ ಬಾಗಿಲಿನಲ್ಲಿ ಅವು ನಾಲೆ ಮಣ್ಣಿನಿಂದ ಪೂರ್ತಿ ಕಟ್ಟಿಕೊಂಡಿದ್ದವು.

ಕೀಲಿಗೆ ಸ್ಟೇನ್‌ಲೆಸ್ ಪಿಯಾನೋ ಹಿಂಜ್, ಅಂದರೆ ಪಟ್ಟಿಯಂಥ ಉದ್ದ ಕೀಲು, ಒಂದೇ ಉದ್ದಕ್ಕೆ ಹಾಕಿ. ಮುಂದಿನ ಎರಡು ಮೂಲೆಗಳನ್ನು 3 ಮಿ.ಮೀ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿ ಹಿಡಿಯುತ್ತದೆ. ತಂತಿಯ ಕೋನ ಮುಖ್ಯ. ಮುಂದಿನ ಅಂಚಿನ ಮೇಲೆ 10 ಕಿಲೋ ಇಟ್ಟರೆ, ತಂತಿ ಮೇಜಿಗೆ 45 ಡಿಗ್ರಿಯಲ್ಲಿದ್ದಾಗ ಒಂದೊಂದರ ಮೇಲೂ ಸುಮಾರು 7 ಕಿಲೋ ಎಳೆತ. 30 ಡಿಗ್ರಿಗೆ ಇಳಿಸಿದರೆ 10 ಕಿಲೋ. 20 ಆದರೆ 15ರ ಹತ್ತಿರ. ಮಲಗಿದ ತಂತಿ ನೋಡಲು ಚೆಂದ, ಬಾಗಿಲಿಗೆ ಹಿಂಸೆ. ನನ್ನ ಮೇಜಿನ ಅಗಲ 34 ಆದ್ದರಿಂದ ಮೇಲಿನ ಕೊಂಡಿಯನ್ನೂ ಕೀಲಿನಿಂದ ಅಷ್ಟೇ ಎತ್ತರದಲ್ಲಿ ಕೂರಿಸಿದೆ; ತಂತಿ 48 ಸೆಂ.ಮೀ. ಬಂತು. ತುದಿ ಬಿಗಿಯುವ ಮೊದಲು ರಸಮಟ್ಟ ಇಟ್ಟು ನೋಡಿ, ಗಾಡಿ ಸಮನೆಲದಲ್ಲಿ ನಿಂತಿರಲಿ. ನಟ್ಟುಗಳೆಲ್ಲ ನೈಲಾಕ್ (ಒಳಗೆ ನೈಲಾನ್ ಬಳೆಯಿರುವ ನಟ್ಟು) ಆಗಿರಲಿ, ನಾಲೆ ಏರಿಯ ಕುಲುಕಾಟಕ್ಕೆ ಸಾದಾ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಚಿಲಕ ಎರಡು ಇರಲಿ. ನಾನು ಒಂದೇ ಹಾಕಿದ್ದೆ. ಮೇಲುಕೋಟೆ ಏರಿನಲ್ಲಿ ಅದು ಜಾರಿ ಮೇಜು ಒಳಕ್ಕೆ ಬಿದ್ದಿತ್ತು, ಗೊತ್ತಾಗಿದ್ದು ಬಾಗಿಲು ತೆರೆದಾಗಲೇ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮೇಜಲ್ಲ, ಬಾಗಿಲೇ. ಸ್ಟೆಪ್ನಿಯನ್ನೂ ಹೊತ್ತಿರುವ ಬಾಗಿಲು ಇಳಿಜಾರಿನಲ್ಲಿ ತನ್ನ ಭಾರಕ್ಕೇ ತಿರುಗುತ್ತದೆ. ಒಮ್ಮೆ ಗಾಳಿ ಬೀಸಿ, ತುಂಬಿದ ಚಹಾ ಲೋಟ ಸಮೇತ ಮುಚ್ಚಿಕೊಳ್ಳಲು ಬಂತು. ಆ ಮನೆಯ ಅಜ್ಜಿ ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು, "ಡಾಕ್ಟರಪ್ಪ, ಹಸು ನೀನು ನೋಡು, ಇದನ್ನು ನಾನು ಹಿಡಿದಿರುತ್ತೇನೆ" ಎಂದು ಚಿಕಿತ್ಸೆ ಮುಗಿಯುವವರೆಗೂ ನಿಂತೇ ಇದ್ದರು. ಮರುದಿನ ಬಾಗಿಲ ಕೆಳಮೂಲೆಗೆ ಒಂದು ಕೊಂಡಿ ಹಾಕಿ, ಬಂಪರಿನ ಬ್ರಾಕೆಟ್ಟಿಗೆ ಸಿಕ್ಕಿಸುವ ಉಕ್ಕಿನ ಸರಳು ಮಾಡಿಸಿದೆ. ಸರಳೇ ಬೇಕು; ಹಗ್ಗ ಎಳೆಯುವುದನ್ನು ತಡೆಯುತ್ತದೆ, ತಳ್ಳುವುದನ್ನು ತಡೆಯುವುದಿಲ್ಲ. ಸರಳು ಸಿಕ್ಕಿಸದೆ ಮೇಜು ಬಿಚ್ಚುವುದಿಲ್ಲ ಎಂದು ಕೈಗೆ ರೂಢಿ ಮಾಡಿಕೊಳ್ಳಿ.

ನನ್ನ ಮೇಜಿಗೆ ನಾನು ಹಾಕಿಕೊಂಡ ಮಿತಿ 8 ಕಿಲೋ. ಹಳ್ಳಿಯಲ್ಲಿ ಯಾರಾದರೂ ಮೊಣಕೈ ಊರಿ ಮಾತಿಗೆ ನಿಲ್ಲುವುದು ಖಂಡಿತ, ಆ ಲೆಕ್ಕವೂ ಇದರಲ್ಲೇ ಸೇರಿದೆ. ಮೊದಲ ತಿಂಗಳಾದ ಮೇಲೆ ಒಮ್ಮೆ ಎಲ್ಲ ನಟ್ಟುಗಳನ್ನೂ ಬಿಗಿಯಿರಿ. ಮಡಚಿದ ಹಲಗೆ ಬಾಗಿಲಿಗೆ ತಾಗುವಲ್ಲಿ ಫೋಮ್ ಪಟ್ಟಿ ಅಂಟಿಸಿದರೆ ಗಡಗಡ ಸದ್ದು ನಿಲ್ಲುತ್ತದೆ. ಜೋತುಬಿದ್ದ ತಂತಿಗಳ ಟಿಣಿಟಿಣಿ ಮಾತ್ರ ಎಷ್ಟು ದಿನವಾದರೂ ಹೋಗಲಿಲ್ಲ. ಕೊನೆಗೆ ಮಗಳ ಜಡೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಂಡು ತಂತಿಗಳನ್ನು ಚಿಲಕಕ್ಕೆ ಸುತ್ತಿದೆ. ಅವು ಈಗಲೂ ಅಲ್ಲೇ ಇವೆ, ಒಂದು ಗುಲಾಬಿ, ಒಂದು ಹಸಿರು.